ಅಟ್ಟದ ಮೇಲಿನ ಕೊಳಗ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯಕ್ಕೆ ನಾನು ಮೊದಲ ಸಲ ಹೋದದ್ದು ಸೋದರಮಾವನ ಜೊತೆ. ಮಾವ ತಿ. ನರಸೀಪುರದ ಕಡೆಯ ಭತ್ತದ ರೈತರು. ತೊಗಲುಗೊಂಬೆಗಳನ್ನೂ ಯಕ್ಷಗಾನದ ವೇಷಗಳನ್ನೂ ಬೇಗಬೇಗ ನೋಡಿ ಮುಗಿಸಿದವರು ಅಳತೆಯ ಪಾತ್ರೆಗಳ ಹತ್ತಿರ ಬಂದಾಗ ನಿಂತುಬಿಟ್ಟರು. ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದರು. ನಾನು ಮುಖ ನೋಡಿದೆ.

"ಕೊಳಗ ಕಣಪ್ಪ. ಮೆಟ್ಟು ಹಾಕ್ಕೊಂಡು ಇದರ ಮುಂದೆ ನಿಲ್ಲಬಾರದು" ಎಂದರು.

ಮನೆಗೆ ಬಂದಮೇಲೂ ಮಾವನ ಮಾತು ಕೊಳಗದ್ದೇ. ಸುಗ್ಗಿಯಲ್ಲಿ ನೆಲ ಗಟ್ಟಿಮಾಡಿ ಸಗಣಿಯಿಂದ ಸಾರಿಸಿದ ಕಣ, ನಡುವೆ ನೆಟ್ಟ ಮೇಟಿ, ತೂರಿ ಕೂಡಿಹಾಕಿದ ಭತ್ತದ ರಾಶಿ, ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನವ, ಅದಕ್ಕೊಂದು ಹೂವು. ಪೂಜೆ ಆದಮೇಲೆ ಮನೆಯ ಹಿರಿಯ ಮಂಡಿಯೂರಿ ಕೂತು ಅಳೆಯಬೇಕು. ಆಗ ಕಣದಲ್ಲಿ ಯಾರೂ ಹಾಳುಮಾತು ಆಡುವಂತಿಲ್ಲ. ಮೊದಲ ಕೊಳಗಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಎಣಿಕೆ ಎರಡರಿಂದ ಮುಂದುವರಿಯುತ್ತಿತ್ತು. ಇಪ್ಪತ್ತು ಕೊಳಗ ತುಂಬಿದರೆ ಒಂದು ಖಂಡುಗ. ಮಾವ ಕಣ್ಣು ಮುಚ್ಚಿಕೊಂಡು, ಕೈಗಳನ್ನು ಖಾಲಿ ಗಾಳಿಯಲ್ಲಿ ಬಾಗಿಸಿ, ಅಳೆಯುವ ರಾಗದಲ್ಲಿಯೇ ಎಣಿಸಿ ತೋರಿಸಿದರು. ಆ ಎಣಿಕೆಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಸಾಧ್ಯ?

ಕೊಳಗದ ನೆನಪೆಲ್ಲ ಸಿಹಿಯೇನಲ್ಲ. ಅಂಚಿನ ಮಟ್ಟಕ್ಕೆ ಸವರಿದರೆ ಒಂದು ಅಳತೆ, ಗೋಪುರದ ಹಾಗೆ ಏರಿಸಿದರೆ ಇನ್ನೊಂದು. ಒಡೆಯನ ಗುತ್ತಿಗೆಗೆ ಹೇಗೆ ಅಳೆಯುತ್ತಿದ್ದರು, ಕೂಲಿಗೆ ಹೇಗೆ ಅಳೆಯುತ್ತಿದ್ದರು ಎಂದು ಕೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ಕಮ್ಮಾರ, ಬಡಗಿ, ಅಗಸ, ತೋಟಿ, ನೀರಗಂಟಿ ತಂತಮ್ಮ ಆಯಕ್ಕಾಗಿ ಕಣದ ಅಂಚಿನಲ್ಲಿ ಕಾಯುತ್ತಿದ್ದರು. ಕೆಲವರು ಅಂಚಿನಿಂದಲೂ ಆಚೆ. ಊರಿನ ಚರಿತ್ರೆ ಎಂದರೆ ಇದೂ ಸೇರಿದ ಚರಿತ್ರೆ. ವಸ್ತುವಿನ ಪಕ್ಕದ ಚೀಟಿಯಲ್ಲಿ 'ಧಾನ್ಯ ಅಳೆಯುವ ಸಾಧನ' ಎಂದಷ್ಟೇ ಬರೆದರೆ ಅರ್ಧ ಹೇಳಿದ ಹಾಗೂ ಆಗುವುದಿಲ್ಲ.

ಈ ಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಹಿನ್ನೆಲೆಯಲ್ಲಿ ವಿದ್ವಾಂಸ ದೇಜಗೌ ಅವರ ಛಲ, ಜೀ.ಶಂ. ಪರಮಶಿವಯ್ಯನವರ ಜಾನಪದ ಶೋಧ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು. ಚಿತ್ರದುರ್ಗ ಸೀಮೆಯಿಂದ ಬಂದ ತಿಪ್ಪೇಸ್ವಾಮಿ ಜಲವರ್ಣದಲ್ಲಿ ಭೂದೃಶ್ಯ ಬರೆಯುತ್ತಿದ್ದವರು. ಚಿತ್ರಕಾರನ ಕಣ್ಣಿಗೆ ಮಸಿ ಹಿಡಿದ ಒಲೆಯ ಮೇಲಿನ ಗಡಿಗೆಯೂ ಸವೆದ ಒನಕೆಯೂ ರೂಪವಾಗಿಯೇ ಕಂಡಿರಬೇಕು. ಊರೂರು ಸುತ್ತಿ ಕೂಡಿಸಿದ ವಸ್ತುಗಳು ಆರು ಸಾವಿರ ದಾಟಿದವು. ಸ್ವೀಡನ್ನಿನಲ್ಲಿ ಹಜೇಲಿಯಸ್ ಎಂಬಾತ ಹಳ್ಳಿಮನೆಗಳನ್ನೇ ಎತ್ತಿ ತಂದು 1891ರಲ್ಲಿ ಸ್ಕಾನ್ಸೆನ್ ತೆರೆದಿದ್ದ. ನಮ್ಮಲ್ಲಿ ಆ ಬಗೆಯ ಬಯಲು ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕದಲ್ಲಿ ಒದಗಿತು. ಮೈಸೂರಿನಲ್ಲಾದರೋ ಹಳ್ಳಿಯ ಸಾಮಾನು ಅರಮನೆಯನ್ನು ಹೊಕ್ಕಿತು.

ಅರಮನೆ ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ್ದು. ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಕೊಂಡದ್ದು ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ.

ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟಾಗ ನನಗೆ ಮೈ ಜುಂ ಎಂದದ್ದು ಬೇರೆ ಕಾರಣಕ್ಕೆ. ತೂಕ ಮತ್ತು ಅಳತೆಗೆ ಮೆಟ್ರಿಕ್ ಪದ್ಧತಿ ತಂದ ಕಾಯ್ದೆ 1956ರದು. ಸೇರು, ಕೊಳಗ ಪೇಟೆಯಿಂದ ಹೊರಬಿದ್ದು ಲೀಟರು, ಕಿಲೋ ಬಂದವು. ಅದಾದ ಹನ್ನೆರಡನೆಯ ವರ್ಷಕ್ಕೆ ಸಂಗ್ರಹಾಲಯ. ಹಳೆಯ ಶಾಸನಗಳಲ್ಲಿ ಗದ್ದೆಯನ್ನು ಹೇಳುವುದೇ ಖಂಡುಗದಲ್ಲಿ, ಅಂದರೆ ಎಷ್ಟು ಬೀಜ ಹಿಡಿಯುವ ನೆಲ ಎಂದು. ತಲಕಾಡಿನ ಗಂಗರ ಕಾಲದಿಂದ ನಮ್ಮ ಅಜ್ಜನ ಕಣದವರೆಗೆ ಬಾಯಿಂದ ಬಾಯಿಗೆ ನಡೆದುಬಂದ ಮಾತು ಒಂದು ತಲೆಮಾರಿನಲ್ಲಿ ಅಟ್ಟ ಹತ್ತಿತು. ಸರಿಯಾದ ಹೊತ್ತಿಗೆ ಕೆಲವರು ಏಣಿ ಹಾಕಿ ಅಟ್ಟದಿಂದ ಇಳಿಸಿಕೊಂಡರು.

ತಿ. ನರಸೀಪುರಕ್ಕೂ ವಿಶ್ವವಿದ್ಯಾನಿಲಯಕ್ಕೂ ಇನ್ನೊಂದು ಹಳೆಯ ನಂಟಿದೆ. ಕಾವೇರಿ ಕಪಿಲೆ ಕೂಡುವ ಈ ಊರಿನಲ್ಲಿ 1959ರಿಂದ ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆದು ನವಶಿಲಾಯುಗದ ನೆಲೆ ಬೆಳಕಿಗೆ ಬಂತು. ಮಣ್ಣಿನಡಿಯ ಬೋಕಿಗೆ ಪದರ, ಅಳತೆ, ವರದಿ ಎಲ್ಲ ಆಯಿತು. ಅದೇ ಊರಿನ ಮನೆಗಳ ಕಣಜ, ವಾಡೆ, ಹಗೇವುಗಳಿಗೆ ಅಂಥ ವರದಿಯನ್ನು ನಾವು ಬರೆಯಬೇಕಾಗಿತ್ತು.

ಅರಮನೆಯದು ಸುಣ್ಣ, ಇಟ್ಟಿಗೆ, ಮರದ ಮೈ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಈ ಶತಮಾನದ ಮೊದಲ ದಶಕದಲ್ಲಿ ಒಮ್ಮೆ ದುರಸ್ತಿಯಾಯಿತು. ಮಳೆ ಮತ್ತೆ ಮತ್ತೆ ಬರುತ್ತದೆ. ಮುಂದೆ ಚಾವಣಿಯ ಭಾಗಗಳು ಕುಸಿದು, ಜನ ಒಳಹೋಗುವುದೇ ನಿಂತ ದಿನಗಳೂ ಬಂದವು. ನೂರಕ್ಕೂ ಹೆಚ್ಚು ಕೋಣೆಗಳ ಈ ಮನೆಗೆ ಒಂದು ಸಲದ ದುರಸ್ತಿ ಸಾಲದು, ವರ್ಷ ವರ್ಷವೂ ಮಾಡಿಗೆ ಕೈಯಾಡಿಸುವ ಆಳು ಬೇಕು, ಅದಕ್ಕೆಂದೇ ಮೀಸಲಾದ ಹಣ ಬೇಕು. ಹಳ್ಳಿಯಲ್ಲಿ ಹೆಂಚು ಕೈಯಾಡಿಸದ ಮನೆ ಎಷ್ಟು ಮಳೆಗಾಲ ನಿಂತೀತು?

ಮಾವ ಈಗಿಲ್ಲ. ಅವರ ಎಣಿಕೆಯನ್ನು ನಾನು ಧ್ವನಿಮುದ್ರಣ ಮಾಡಿಕೊಳ್ಳಲಿಲ್ಲ. ಅವರ ಕೊಳಗ ನನ್ನ ಮನೆಯಲ್ಲಿದೆ. ಬಾಯಿಗೆ ಬಿಗಿದ ಲೋಹದ ಪಟ್ಟಿ ಒಂದು ಕಡೆ ಸವೆದು ತೆಳ್ಳಗಾಗಿದೆ, ಅಳೆಯುವಾಗ ಅವರ ಬಲಗೈ ಹೆಬ್ಬೆರಳು ಕೂರುತ್ತಿದ್ದ ಜಾಗ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಕೊಳಗ, ಬಳ್ಳ, ಸೇರು ಇದ್ದೀತು. ಗುಜರಿಯವನಿಗೆ ಹಾಕಬೇಡಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ತಾತನೋ ಇದ್ದರೆ ಈ ಭಾನುವಾರವೇ ಅದನ್ನು ಅವರ ಕೈಗೆ ಕೊಟ್ಟು, ಇಪ್ಪತ್ತರ ತನಕ ಎಣಿಸಲು ಹೇಳಿ, ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಊರ ಹೆಸರು, ಹೊಲದ ಹೆಸರು, ಮಾಡಿಕೊಟ್ಟ ಆಚಾರಿಯ ಹೆಸರು ಬರೆದು ಪಾತ್ರೆಯೊಳಗೇ ಚೀಟಿ ಇಡಿ.