ತಾಮ್ರ ಇಳಿಸುವ ಗುಳಿಗೆ

ಊಟಕ್ಕೆ ಕುಳಿತ ಹುಡುಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅಮ್ಮ, ಸಾರಿಗೆ ಉಪ್ಪೇ ಹಾಕಿಲ್ಲ" ಎನ್ನುತ್ತಾನೆ. ಉಳಿದವರ ಬಾಯಿಗೆ ಉಪ್ಪು ಸರಿಯಾಗಿಯೇ ಇದೆ. ವಿಲ್ಸನ್ ಬೇನೆಗೆ ಪೆನಿಸಿಲಮಿನ್ ಎಂಬ ಔಷಧವನ್ನು ಸೇವಿಸತೊಡಗಿದ ಕೆಲವರಿಗೆ ಹೀಗೆ ನಾಲಗೆಯ ರುಚಿ ಮಂಕಾಗುವುದುಂಟು. "ಈ ಮದ್ದಿನ ಸಹವಾಸವೇ ಬೇಡ" ಎಂದು ನಿಲ್ಲಿಸಿಬಿಡುವವರೂ ಉಂಟು. ನಿಜವಾದ ಅಪಾಯವಿರುವುದು ಅಲ್ಲಿ.

ಈ ಬೇನೆಯನ್ನು ಲಂಡನ್ನಿನ ನರರೋಗತಜ್ಞ ಕಿನ್ನಿಯರ್ ವಿಲ್ಸನ್ 1912ರಲ್ಲಿ ವಿವರಿಸಿದರು. ಆಹಾರದೊಡನೆ ಬರುವ ತಾಮ್ರದಲ್ಲಿ ದೇಹಕ್ಕೆ ಬೇಕಾದುದು ಅತ್ಯಲ್ಪ. ಮಿಕ್ಕುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರದೂಡುತ್ತದೆ. ಈ ರೋಗಿಗಳಲ್ಲಿ ಆ ಏರ್ಪಾಡು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ತಾಮ್ರವು ಮೊದಲು ಯಕೃತ್ತಿನಲ್ಲಿಯೂ ಅನಂತರ ಮಿದುಳಿನಲ್ಲಿಯೂ ಶೇಖರವಾಗುತ್ತದೆ. ಕಾಮಾಲೆ, ಕೈನಡುಕ, ತೊದಲು ಮಾತು, ದಿನೇ ದಿನೇ ಕೆಡುವ ಕೈಬರಹ ಕಾಣಿಸಿಕೊಳ್ಳುತ್ತವೆ. ತಂದೆತಾಯಿಗಳಿಬ್ಬರಿಂದಲೂ ದೋಷ ಬಂದಾಗ ಮಾತ್ರ ರೋಗವಾದ್ದರಿಂದ, ಸೋದರಸಂಬಂಧದಲ್ಲಿ ಮದುವೆ ಮಾಡುವ ನಮ್ಮಂಥ ಕುಟುಂಬಗಳಲ್ಲಿ ಇದರ ಸಂಭವ ಹೆಚ್ಚು. ಒಬ್ಬರಿಗೆ ಕಂಡರೆ ಒಡಹುಟ್ಟಿದವರೆಲ್ಲರನ್ನೂ ಪರೀಕ್ಷಿಸಬೇಕು.

ಮೊದಲು ಇದಕ್ಕೆ ಮದ್ದಿರಲಿಲ್ಲ. 1951ರ ಸುಮಾರಿಗೆ ಬಂದ ಚುಚ್ಚುಮದ್ದು ಬಲು ನೋವಿನದು. 1955ರಲ್ಲಿ ಬಾಸ್ಟನ್ನಿನಲ್ಲಿದ್ದ ಇಂಗ್ಲೆಂಡಿನ ವೈದ್ಯ ಜಾನ್ ವಾಲ್ಷ್ ಅವರಿಗೆ, ಪೆನಿಸಿಲಿನ್ ಪಡೆದವರ ಮೂತ್ರದಲ್ಲಿ ತಾವು ಹಿಂದೆ ಕಂಡಿದ್ದ ಪೆನಿಸಿಲಮಿನ್ ನೆನಪಾಯಿತು. ಅದು ತಾಮ್ರವನ್ನು ಹಿಡಿದು ಮೂತ್ರದೊಡನೆ ಹೊರಗೆ ಸಾಗಿಸೀತೆಂದು ಊಹಿಸಿ, ಮೊದಲು ತಾವೇ ಸೇವಿಸಿ ನೋಡಿ, ಬಳಿಕ ರೋಗಿಗೆ ಕೊಟ್ಟರು. ಊಹೆ ಫಲಿಸಿತು.

ಇನ್ನು ಮನೆಯವರು ಅರಿತಿರಬೇಕಾದ ಸಂಗತಿ. ಮಂಕಾದ ರುಚಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಔಷಧ ನಡೆಯುತ್ತಿರುವಾಗಲೇ, ಮರಳುತ್ತದೆ. ಅಲ್ಲಿಯವರೆಗೆ ಲಿಂಬೆ, ಶುಂಠಿ, ಕೊತ್ತಂಬರಿಗಳಿಂದ ಊಟಕ್ಕೆ ರುಚಿ ಕೂಡಿಸಬಹುದು. ಉಪ್ಪನ್ನು ಮಾತ್ರ ಸುರಿಯಬಾರದು. ಔಷಧವು ದೇಹದಲ್ಲಿನ ಬಿ-6 ಜೀವಸತ್ವವನ್ನು ಕುಗ್ಗಿಸುವುದರಿಂದ ವೈದ್ಯರು ಪಿರಿಡಾಕ್ಸಿನ್ ಮಾತ್ರೆಯನ್ನೂ ಬರೆಯುತ್ತಾರೆ. ವಾಕರಿಕೆ ಬಂದಾಗ ಊಟದೊಡನೆಯೇ ಗುಳಿಗೆ ನುಂಗಿಸುವುದು ತಾಯಂದಿರಿಗೆ ಸಹಜ. ಆದರೆ ಅನ್ನದೊಡನೆ ನುಂಗಿದ ಔಷಧದಲ್ಲಿ ರಕ್ತಕ್ಕೆ ಸೇರುವ ಅಂಶ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಬಳಿಕ ಕೊಡಬೇಕು. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದಕ್ಕೆ ಬೇರೆ ಹೊತ್ತು. ವಾಕರಿಕೆ ನಿಲ್ಲದಿದ್ದರೆ ಪ್ರಮಾಣವನ್ನು ಇನ್ನಷ್ಟು ನಿಧಾನವಾಗಿ ಏರಿಸುವ ದಾರಿ ವೈದ್ಯರಿಗೆ ಗೊತ್ತು.

ರಾತ್ರಿ ತಾಮ್ರದ ತಂಬಿಗೆಯಲ್ಲಿಟ್ಟ ನೀರು ಆರೋಗ್ಯಕ್ಕೆ ಹಿತವೆಂದು ಹೇಳುವ ನೆಂಟರು ಎಲ್ಲ ಮನೆಗೂ ಬರುತ್ತಾರೆ. ಈ ರೋಗಿಗೆ ಆ ನೀರು ಸಲ್ಲದು. ಕಲಾಯಿ ಸವೆದ ಪಾತ್ರೆಯ ಹುಳಿಯೂ ಸಲ್ಲದು. ಈಲಿ, ಚಿಪ್ಪುಮೀನು, ಅಣಬೆ, ಗೋಡಂಬಿ, ಚಾಕೊಲೆಟ್‌ಗಳೂ ವರ್ಜ್ಯ.

ಎಲ್ಲ ತೊಂದರೆಯೂ ಸಣ್ಣದಲ್ಲ. ಮೊದಲ ವಾರಗಳಲ್ಲಿ ಜ್ವರ, ಮೈಮೇಲೆ ದದ್ದು, ಗಂಟಲುನೋವು, ನೊರೆಗಟ್ಟುವ ಮೂತ್ರ, ಕಾಲುಬಾವು, ಹೆಚ್ಚಿದ ನಡುಕ ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರ ಬಳಿಗೆ ಹೋಗಬೇಕು. ರಕ್ತ, ಮೂತ್ರಗಳ ಪರೀಕ್ಷೆಯನ್ನು ತಪ್ಪಿಸಲಾಗದು. ಪೆನಿಸಿಲಮಿನ್ ಒಗ್ಗದವರಿಗೆ 1969ರಿಂದ ಬಳಕೆಗೆ ಬಂದ ಟ್ರೈಯೆಂಟಿನ್ ಇದೆ. ಸತುವಿನ ಲವಣವೂ ಇದೆ. ಬದಲಿ ಔಷಧವಿಲ್ಲದೆ ನಿಲ್ಲಿಸಿದವರಲ್ಲಿ ಕೆಲವೇ ತಿಂಗಳುಗಳಲ್ಲಿ ಯಕೃತ್ತು ಸೋತು ಪ್ರಾಣಹಾನಿಯಾಗಿರುವುದುಂಟು. ಹೇಗೋ ನಡುವೆ ಬಿಟ್ಟುಹೋಗಿದ್ದರೆ, ಹಳೆಯ ಪ್ರಮಾಣವನ್ನು ತಾವಾಗಿಯೇ ಕೊಡಬಾರದು. ವೈದ್ಯರು ಮೊದಲ ದಿನದಂತೆಯೇ ಅಲ್ಪ ಪ್ರಮಾಣದಿಂದ ಮತ್ತೆ ತೊಡಗಿಸುತ್ತಾರೆ.