ಖಾಲಿ ಪೆಟ್ಟಿಗೆ ಹಾಡಿದಾಗ

ಅಮೆರಿಕದ ಬಡ ಮಕ್ಕಳು ಚುರುಟಿನ ಪೆಟ್ಟಿಗೆಯಲ್ಲಿ ಗಿಟಾರು ಮಾಡಿಕೊಂಡರು. ಅದರ ವಿನ್ಯಾಸ ಅವರಿಗೆ ಎಲ್ಲಿಂದ ಹೊಳೆಯಿತು? ಈ ರಜೆಯಲ್ಲಿ ನಿಮಗೆ ಎಲ್ಲಿಂದ ಹೊಳೆಯಬಹುದು?

ಗಿಟಾರು ಬೇಕೆಂದರೆ ನಾವು ಸಂಗೀತ ವಾದ್ಯಗಳ ಅಂಗಡಿಗೆ ಹೋಗುತ್ತೇವೆ, ಬೆಲೆ ಕೇಳಿ ಎಷ್ಟೋ ಸಲ ಹಾಗೇ ವಾಪಸು ಬರುತ್ತೇವೆ. ನೂರು ವರ್ಷಗಳ ಹಿಂದೆ ಅಮೆರಿಕದ ದಕ್ಷಿಣ ಭಾಗದ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳ ಮಕ್ಕಳಿಗೆ ಅಂಗಡಿಯ ಗಿಟಾರು ಕನಸಿನ ಮಾತಾಗಿತ್ತು. ಆದರೆ ಹಾಡುವ ಆಸೆ ದುಡ್ಡು ಕೇಳಿಕೊಂಡು ಬರುವುದಿಲ್ಲವಲ್ಲ! ಅವರು ಒಂದು ಖಾಲಿ ಚುರುಟಿನ ಪೆಟ್ಟಿಗೆ ಹುಡುಕಿದರು. ಅದಕ್ಕೆ ಪೊರಕೆಯ ಕೋಲು ಸಿಕ್ಕಿಸಿದರು, ಸಿಕ್ಕಿದ ತಂತಿ ಬಿಗಿದರು. ಗಿಟಾರು ಸಿದ್ಧವಾಯಿತು.

ಇಂದು ಪ್ರಪಂಚದ ನಾನಾ ಕಡೆ ಹವ್ಯಾಸಿಗಳು ಇಂಥ ಗಿಟಾರುಗಳನ್ನು ಪ್ರೀತಿಯಿಂದ ಮಾಡುತ್ತಾರೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಯಾಕೆಂದರೆ ಇದಕ್ಕೆ ಸಿದ್ಧ ನಕ್ಷೆಯಿಲ್ಲ. ಕೈಗೆ ಸಿಕ್ಕಿದ ಪೆಟ್ಟಿಗೆಯೇ ಇದರ ನಕ್ಷೆ.

ಪೆಟ್ಟಿಗೆ ಎಲ್ಲಿಂದ ಬಂತು?

ಮೊದಲು ಚುರುಟುಗಳನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಒಟ್ಟಿಗೆ ತುಂಬಿ ಸಾಗಿಸುತ್ತಿದ್ದರು. 19ನೇ ಶತಮಾನದ ನಡುಭಾಗದಲ್ಲಿ ಸಣ್ಣ ಮರದ ಪೆಟ್ಟಿಗೆಗಳು ಬಂದವು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ ಸರ್ಕಾರ ಚುರುಟಿನ ಮೇಲೆ ತೆರಿಗೆ ಹಾಕಿತು. ಚುರುಟನ್ನು ಪೆಟ್ಟಿಗೆಯಲ್ಲೇ ತುಂಬಿ, ತೆರಿಗೆಯ ಚೀಟಿ ಅಂಟಿಸಿ ಮಾರಬೇಕು, ಖಾಲಿಯಾದ ಪೆಟ್ಟಿಗೆಗೆ ಮತ್ತೆ ಚುರುಟು ತುಂಬುವಂತಿಲ್ಲ ಎಂಬ ನಿಯಮ ಬಂತು. ಹೀಗಾಗಿ ಮನೆಮನೆಯಲ್ಲೂ ಗಟ್ಟಿಮುಟ್ಟಾದ ಖಾಲಿ ಪೆಟ್ಟಿಗೆಗಳು ಉಳಿದವು. ಅವುಗಳಲ್ಲಿ ಸೂಜಿ-ದಾರ ಇಟ್ಟವರು ಕೆಲವರು, ಸಂಗೀತ ಹುಡುಕಿದವರು ಕೆಲವರು.

ಎಡ್ವಿನ್ ಫೋರ್ಬ್ಸ್ ಎಂಬ ಚಿತ್ರಕಾರ ಆ ಯುದ್ಧದ ಶಿಬಿರಗಳನ್ನು ಕಣ್ಣಾರೆ ಕಂಡವರು. 1876ರ ಅವರ ಒಂದು ಚಿತ್ರದಲ್ಲಿ ಬಿಡಾರದಲ್ಲಿ ಕುಳಿತ ಸೈನಿಕನೊಬ್ಬ ಚುರುಟಿನ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರೂ ಚಿತ್ರದಲ್ಲಿ ಓದಲು ಸಿಗುತ್ತದೆ!

ಮಕ್ಕಳಿಗಾಗಿಯೇ ಇದರ ವಿಧಾನ ಬರೆದವರು ಡೇನಿಯಲ್ ಕಾರ್ಟರ್ ಬಿಯರ್ಡ್. 1880ರ ದಶಕದಲ್ಲಿ ಅವರು ಚುರುಟಿನ ಪೆಟ್ಟಿಗೆಯಿಂದ ಐದು ತಂತಿಯ ಬ್ಯಾಂಜೋ ಮಾಡುವ ಬಗೆಯನ್ನು ಚಿತ್ರಗಳೊಂದಿಗೆ ವಿವರಿಸಿದರು. ಮುಂದೆ 1910ರಲ್ಲಿ ಅಮೆರಿಕದಲ್ಲಿ ಸ್ಕೌಟ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಪೆಟ್ಟಿಗೆಯಿಂದ ನಕ್ಷತ್ರಗಳವರೆಗೆ

ಈ ಗಿಟಾರು ಬರೀ ಆಟದ ಸಾಮಾನು ಅಂದುಕೊಂಡರೆ ತಪ್ಪು. ಟೆಕ್ಸಾಸ್‌ನ ಲೈಟ್ನಿನ್ ಹಾಪ್ಕಿನ್ಸ್ ಪುಟ್ಟ ಹುಡುಗನಾಗಿದ್ದಾಗ ಪೆಟ್ಟಿಗೆಯ ನಡುವೆ ದುಂಡನೆಯ ತೂತು ಕೊರೆದು, ಹಲಗೆ ಚೂರು ಬಡಿದು, ಕಿಟಕಿ ಜಾಲರಿಯ ತಂತಿ ಬಿಚ್ಚಿ ಬಿಗಿದುಕೊಂಡ. ಮುಂದೆ ಬ್ಲೂಸ್ ಸಂಗೀತದ ದೊಡ್ಡ ಹೆಸರಾದ. ಓಕ್ಲಹಾಮಾದ ಚಾರ್ಲಿ ಕ್ರಿಶ್ಚಿಯನ್ ಶಾಲೆಗೆ ಹೋಗುವ ವಯಸ್ಸಿನಲ್ಲೇ ಚುರುಟಿನ ಪೆಟ್ಟಿಗೆಯ ಗಿಟಾರು ಮಾಡಿ ಗೆಳೆಯರನ್ನು ಬೆರಗುಗೊಳಿಸುತ್ತಿದ್ದ. ಆ ಗೆಳೆಯರಲ್ಲಿ ಒಬ್ಬನಾದ ರಾಲ್ಫ್ ಎಲಿಸನ್ ಮುಂದೆ ಹೆಸರಾಂತ ಲೇಖಕನಾಗಿ ಅದನ್ನು ಬರೆದಿಟ್ಟರು. ಚಾರ್ಲಿ ಬದುಕಿದ್ದು 1942ರವರೆಗೆ, ಬರೀ 25 ವರ್ಷ. ಅಷ್ಟರಲ್ಲೇ ಜಾಝ್ ಸಂಗೀತದಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಅವರು ದೊಡ್ಡ ಸ್ಥಾನ ತಂದುಕೊಟ್ಟಿದ್ದರು.

ಟೆನ್ನೆಸ್ಸಿಯ ಕಾರ್ಲ್ ಪರ್ಕಿನ್ಸ್ ಅವರದು ಗೇಣಿದಾರ ಕುಟುಂಬ. ಅವರ ಮೊದಲ ಗಿಟಾರನ್ನು ಪೆಟ್ಟಿಗೆ ಮತ್ತು ಪೊರಕೆಯ ಕೋಲಿನಿಂದ ಮಾಡಿಕೊಟ್ಟದ್ದು ಅಪ್ಪ. ಆಮೇಲೆ ಒಂದು ಹಳೆಯ ಗಿಟಾರು ಸಿಕ್ಕಿತು. ಅದರ ತಂತಿ ಕಡಿದರೆ ಹೊಸದು ಕೊಳ್ಳಲು ಕಾಸಿಲ್ಲ. ಗಂಟು ಹಾಕಿಯೇ ನುಡಿಸಬೇಕು. ಬೆರಳು ಜಾರಿಸಿದರೆ ಗಂಟು ಚುಚ್ಚುತ್ತಿತ್ತು. ಅದಕ್ಕೇ ಜಾರಿಸುವ ಬದಲು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಬಾಗಿಸುವುದನ್ನು ಕಲಿತರು. ಅದೇ ಅವರ ಶೈಲಿಯ ಗುರುತಾಯಿತು.

ಎಲ್ಲಕ್ಕಿಂತ ದೂರ ಹೋದದ್ದು ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ ಸಂಗೀತ. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಇವರ ಮೊದಲ ವಾದ್ಯವೂ ಅಪ್ಪ ಕೊಟ್ಟ ಚುರುಟಿನ ಪೆಟ್ಟಿಗೆಯ ಗಿಟಾರು ಎನ್ನುತ್ತಾರೆ. ಬೀದಿಯಲ್ಲಿ ಹಾಡುತ್ತಿದ್ದ ಇವರು 1945ರಲ್ಲಿ ಬಡತನದಲ್ಲೇ ತೀರಿಕೊಂಡರು. ಆದರೆ 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತದ ಚಿನ್ನದ ಲೇಪದ ತಟ್ಟೆ ಇಟ್ಟರಲ್ಲ, ಅದರಲ್ಲಿ ಇವರ ಗಿಟಾರಿನ ಜೊತೆಗಿನ ಗುನುಗು ಇದೆ. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಎರಡೂ ಈಗ ಸೂರ್ಯನ ಗಾಳಿ ತಲುಪುವ ಎಲ್ಲೆಯನ್ನೂ ದಾಟಿ ಸಾಗುತ್ತಿವೆ.

ವಿನ್ಯಾಸ ಎಲ್ಲಿ ಹುಡುಕುವುದು?

ಮೊದಲು ಪೆಟ್ಟಿಗೆಯನ್ನೇ ನೋಡಿ. ಬೆರಳ ಗೆಣ್ಣಿನಿಂದ ಮುಚ್ಚಳವನ್ನು ತಟ್ಟಿ. ಡೋಲಿನಂತೆ ತುಂಬಿದ ಸದ್ದು ಬಂದರೆ ಒಳ್ಳೆಯದು. ದಪ್ಪ ಹಲಗೆಯಾದರೆ ಸದ್ದು ಮಂಕು. ಒಳ್ಳೆಯ ಚುರುಟಿನ ಪೆಟ್ಟಿಗೆಗೆ ಬಳಸುವ ‘ಸ್ಪ್ಯಾನಿಷ್ ಸೀಡರ್’ ಮರ ಸ್ಪೇನಿನದ್ದೂ ಅಲ್ಲ, ಸೀಡರೂ ಅಲ್ಲ. ಅದು ಅಮೆರಿಕ ಖಂಡದ ಬಿಸಿ ನಾಡುಗಳ ಮರ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಹಗುರ, ಘಮಘಮ, ಹುಳು ಹತ್ತಿರ ಬರುವುದಿಲ್ಲ. ಹಳೆಯ ಪೆಟ್ಟಿಗೆಗಳ ಮೇಲೆ ಕಲ್ಲಚ್ಚಿನಲ್ಲಿ ಮುದ್ರಿಸಿದ ಬಣ್ಣಬಣ್ಣದ ಚಿತ್ರಗಳಿರುತ್ತಿದ್ದವು. ತಿಳಿದವರು ಅದರ ಮೇಲೆ ಬಣ್ಣ ಬಳಿಯುವುದಿಲ್ಲ. ಚಿತ್ರ ಎದ್ದು ಕಾಣುವಂತೆ ಸದ್ದಿನ ತೂತನ್ನು ಮೂಲೆಗೆ ಸರಿಸುತ್ತಾರೆ.

ನಮ್ಮಲ್ಲಿ ಚುರುಟಿನ ಪೆಟ್ಟಿಗೆ ಸಿಗುವುದು ಅಪರೂಪ. ಸಿಗದಿದ್ದರೇನು? ತಂಬಾಕು ಮನೆಯಿಂದ ದೂರವೇ ಇರಲಿ! ಒಣಹಣ್ಣಿನ ಉಡುಗೊರೆ ಬರುವ ತೆಳು ಮರದ ಪೆಟ್ಟಿಗೆ, ಪ್ಲೈವುಡ್ ಡಬ್ಬ, ಬಿಸ್ಕತ್ತಿನ ತಗಡಿನ ಡಬ್ಬ ಎಲ್ಲವೂ ಆಗುತ್ತವೆ. ತಗಡಿನ ಡಬ್ಬದ ನಾದ ಬ್ಯಾಂಜೋದಂತೆ ಖಣಖಣ ಎನ್ನುತ್ತದೆ.

ಎರಡನೆಯದಾಗಿ ಅಡುಗೆಮನೆ ಮತ್ತು ಅಜ್ಜನ ಸಲಕರಣೆ ಡಬ್ಬ. ಹಿಡಿ ಮುರಿದ ಟೀ ಸೋಸುವ ಜಾಲರಿ ಸದ್ದಿನ ತೂತಿಗೆ ಅಂದದ ಮುಚ್ಚಳ. ಹಳೆಯ ಬಾಗಿಲಿನ ಕೀಲಿನ ತೂತುಗಳಿಗೆ ತಂತಿಯ ಬುಡ ಸಿಕ್ಕಿಸಬಹುದು. ಪೆಟ್ಟಿಗೆಯ ಮೂಲೆಗೆ ಹಿತ್ತಾಳೆಯ ಪಟ್ಟಿ ಬಡಿದರೆ ಬಲವೂ ಬಂತು, ಹೊಳಪೂ ಬಂತು.

ಮೂರನೆಯದಾಗಿ ಬೇರೆ ವಾದ್ಯಗಳು. ಬೋ ಡಿಡ್ಲಿ ಎಂಬ ಅಮೆರಿಕದ ಕಲಾವಿದರು ದೊಡ್ಡ ಹೆಸರು ಮಾಡಿದ ಮೇಲೂ ಚುರುಟಿನ ಪೆಟ್ಟಿಗೆಯಂತೆ ಚೌಕಾಕಾರದ ಗಿಟಾರನ್ನೇ ಮಾಡಿಸಿಕೊಂಡು ನುಡಿಸಿದರು. ಅದೇ ಅವರ ಗುರುತಾಯಿತು. ನಮ್ಮ ವೀಣೆಯ ತುದಿಯಲ್ಲಿರುವ ಯಾಳಿಯ ಮುಖ ನೋಡಿದ್ದೀರಲ್ಲ? ನಿಮ್ಮ ಗಿಟಾರಿನ ತುದಿಗೂ ಮರದ ಚೂರಿನಿಂದ ಒಂದು ಗಿಳಿಯನ್ನೋ ಮೀನನ್ನೋ ಕೂರಿಸಬಹುದು. ಚೌಡಿಕೆ, ಏಕತಾರಿಗಳನ್ನು ನೋಡಿದರೆ ಒಂದೇ ತಂತಿಯಲ್ಲೂ ಇಡೀ ಹಾಡಿಗೆ ಆಸರೆ ಕೊಡಬಹುದು ಎಂಬ ಧೈರ್ಯ ಬರುತ್ತದೆ.

ಇನ್ನೊಂದು ಸ್ವಾರಸ್ಯ ಇದೆ. ಮೂರು ತಂತಿಯ ಪೆಟ್ಟಿಗೆ ಗಿಟಾರನ್ನು ಹೆಚ್ಚಿನವರು ಶ್ರುತಿ ಮಾಡುವುದು ಷಡ್ಜ, ಪಂಚಮ, ಮೇಲಿನ ಷಡ್ಜಕ್ಕೆ. ವೀಣೆಯ ಪಕ್ಕದಲ್ಲಿರುವ ಮೂರು ತಾಳದ ತಂತಿಗಳ ಶ್ರುತಿಯೂ ಸ-ಪ-ಸ! ಅಜ್ಜಿಗೆ ಸಂಗೀತ ಗೊತ್ತಿದ್ದರೆ ಶ್ರುತಿ ಕೂಡಿಸುವ ಕೆಲಸ ಅವರಿಗೇ ಬಿಡಿ.

ಮಾಡುವ ಬಗೆ

1. ಸುಮಾರು 3 ಅಡಿ ಉದ್ದದ ನೇರವಾದ ಮರದ ಪಟ್ಟಿ ಇರಲಿ. ಅಗಲ ಒಂದೂವರೆ ಅಂಗುಲ, ದಪ್ಪ ಮುಕ್ಕಾಲು ಅಂಗುಲ ಸಾಕು. ಇದೇ ದಂಡಿ.

2. ಪೆಟ್ಟಿಗೆಯ ಎರಡೂ ತುದಿಯಲ್ಲಿ ದಂಡಿ ಕೂರುವಷ್ಟು ಕಚ್ಚು ತೆಗೆದು, ದಂಡಿಯನ್ನು ಈ ತುದಿಯಿಂದ ಆ ತುದಿಗೆ ಹಾಯಿಸಿ. ತಂತಿಯ ಎಳೆತವನ್ನೆಲ್ಲ ದಂಡಿಯೇ ಹೊರುತ್ತದೆ, ಪೆಟ್ಟಿಗೆ ಮುರಿಯುವುದಿಲ್ಲ. ಪೆಟ್ಟಿಗೆಯೊಳಗಿನ ಭಾಗವನ್ನು ಮಾತ್ರ ಸ್ವಲ್ಪ ಕೆತ್ತಿ ತಗ್ಗಿಸಿ. ದಂಡಿ ಮುಚ್ಚಳಕ್ಕೆ ತಾಗಿಕೊಂಡಿದ್ದರೆ ಮುಚ್ಚಳ ಅದುರದು, ಸದ್ದು ಬಾರದು.

3. ದಂಡಿಯ ಮೇಲ್ತುದಿಯಲ್ಲಿ ಬಿರಡೆ. ಸಂಗೀತ ವಾದ್ಯಗಳ ಅಂಗಡಿಯಲ್ಲಿ ಗಿಟಾರಿನ ಬಿರಡೆ, ತಂತಿ ಬಿಡಿಯಾಗಿ ಸಿಗುತ್ತವೆ. ಮೊದಲ ಪ್ರಯತ್ನಕ್ಕೆ ಒಂದೇ ತಂತಿ ಸಾಕು.

4. ಬಿರಡೆಯ ಕೆಳಗೆ ತಂತಿಯಡಿ ಒಂದು ಬೋಲ್ಟ್, ಪೆಟ್ಟಿಗೆಯ ಮುಚ್ಚಳದ ಮೇಲೆ ಇನ್ನೊಂದು ಬೋಲ್ಟ್ ಇಡಿ. ಎರಡನೆಯದೇ ಕುದುರೆ. ಎರಡರ ನಡುವೆ ಸರಿಯಾಗಿ 24 ಅಂಗುಲ ಇರಲಿ.

5. ಈಗ ಸ್ಕೇಲು, ಪೆನ್ಸಿಲು ತನ್ನಿ. ಮೇಲಿನ ಬೋಲ್ಟಿನಿಂದ 6, 8 ಮತ್ತು 12 ಅಂಗುಲಕ್ಕೆ ದಂಡಿಯ ಮೇಲೆ ಗೆರೆ ಎಳೆಯಿರಿ. ಖಾಲಿ ತಂತಿ ಷಡ್ಜವಾದರೆ 6 ಅಂಗುಲದ ಗೆರೆಯಲ್ಲಿ ಮಧ್ಯಮ, 8ರಲ್ಲಿ ಪಂಚಮ, 12ರಲ್ಲಿ ಮೇಲಿನ ಷಡ್ಜ. ತಂತಿಯ ಮುಕ್ಕಾಲು ಭಾಗ ಮಿಡಿದರೆ ಮ, ಮೂರರಲ್ಲಿ ಎರಡು ಭಾಗಕ್ಕೆ ಪ, ಅರ್ಧಕ್ಕೆ ಮೇಲಿನ ಸ. ಶಾಲೆಯ ಭಿನ್ನರಾಶಿ ಇಲ್ಲಿ ಕಿವಿಗೆ ಕೇಳಿಸುತ್ತದೆ!

6. ಮೆಟ್ಟಿಲು ಕೂರಿಸುವ ಗೊಡವೆ ಮೊದಲ ಸಲ ಬೇಡ. ನುಣುಪಾದ ಗಾಜಿನ ಪುಟ್ಟ ಶೀಷೆಯನ್ನು ತಂತಿಯ ಮೇಲೆ ಹಗುರವಾಗಿ ಜಾರಿಸಿ. ಗೋಟುವಾದ್ಯವನ್ನು ನುಡಿಸುವುದೂ ಹೀಗೇ, ಮೆಟ್ಟಿಲಿಲ್ಲದೆ, ತಂತಿಯ ಮೇಲೆ ಕೊರಡು ಜಾರಿಸಿ.

ಗರಗಸ, ಡ್ರಿಲ್ಲು ದೊಡ್ಡವರ ಕೈಯಲ್ಲೇ ಇರಲಿ. ಅಳತೆ, ಮರಳು ಕಾಗದದ ಉಜ್ಜಾಟ, ಬಣ್ಣ, ಅಂದಚಂದ ಮಕ್ಕಳ ಪಾಲಿಗೆ. ತಂತಿ ಬಿಗಿಯುವಾಗ ಮುಖ ಹತ್ತಿರ ತರಬೇಡಿ, ಕಡಿದರೆ ಕಣ್ಣಿಗೆ ಹೊಡೆದೀತು. ಚುಚ್ಚುವ ತಂತಿಯ ತುದಿಗಳನ್ನು ಕತ್ತರಿಸಿ ಮಡಚಿ. ಒಡಕು ಅಂಚಿನ ಶೀಷೆ ಬಳಸಲೇಬೇಡಿ.

ಅಜ್ಜ-ಅಜ್ಜಿಯರಲ್ಲಿ ಒಂದು ಮಾತು

ಬಡಗಿ ಕೆಲಸ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಮೇಲೆ ಹೇಳಿದ ಅಪ್ಪಂದಿರಿಗೂ ವಾದ್ಯ ಮಾಡುವ ವಿದ್ಯೆ ಗೊತ್ತಿರಲಿಲ್ಲ. ಮಗುವಿನ ಆಸೆ ಗೊತ್ತಿತ್ತು, ಮನೆಯಲ್ಲಿ ಏನಿದೆ ಎಂಬುದು ಗೊತ್ತಿತ್ತು. ನಿಮ್ಮ ಅಟ್ಟದ ಮೇಲೆ ಏನೇನಿದೆ ಎಂಬುದು ನಿಮ್ಮಷ್ಟು ಯಾರಿಗೆ ಗೊತ್ತು? ಹರಿದ ರೇಷ್ಮೆ ಸೀರೆಯ ಅಂಚು ಗಿಟಾರಿನ ಹೆಗಲಪಟ್ಟಿಯಾದೀತು. ನಿಂತುಹೋದ ಗಡಿಯಾರದ ಮುಳ್ಳುಗಳು ಪೆಟ್ಟಿಗೆಯ ಮೇಲಿನ ಅಲಂಕಾರವಾದಾವು. ಅವುಗಳ ಕತೆಯನ್ನೂ ಮೊಮ್ಮಕ್ಕಳಿಗೆ ಹೇಳಿಬಿಡಿ.

ಮಕ್ಕಳೇ, ಮೊದಲ ಗಿಟಾರು ಸೊಟ್ಟಗಾದರೂ ಪರವಾಗಿಲ್ಲ, ಸದ್ದು ಬಂದರೆ ಗೆದ್ದಂತೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಒಳಮುಚ್ಚಳದಲ್ಲಿ ಮಾಡಿದವರ ಹೆಸರು, ಊರು, ತಾರೀಕು ಬರೆಯಿರಿ. ಅಜ್ಜನ ಹೆಸರು ಮೊದಲು ಬರಲಿ, ನಿಮ್ಮದು ಪಕ್ಕದಲ್ಲಿ.