ಗುಡವಿ ಸೀಮೆಯ ಲೆಕ್ಕ: ಜನ ನಂಬಿದ್ದು, ನಿಜವಾಗಿ ಇರುವುದು

ಗುಡವಿ ಎಂದ ಕೂಡಲೇ ಹೊರಗಿನವರ ಕಣ್ಣಿಗೆ ಬರುವುದು ಕೆರೆ, ಕೆರೆಯೊಳಗಿನ ಮರ, ಮರದ ತುಂಬ ಹಕ್ಕಿ. ಶಿವಮೊಗ್ಗ ಜಿಲ್ಲೆಯ ಸೊರಬದಿಂದ ಹದಿನೈದು ಕಿಲೋಮೀಟರ್ ಆಸುಪಾಸಿನ ಈ ಊರು ಪ್ರವಾಸಿಗರ ದುಡ್ಡಿನಲ್ಲೇ ಬದುಕುತ್ತದೆ ಎಂದು ನಂಬಿದವರಿದ್ದಾರೆ. ಹಾಗಿಲ್ಲ. ಇಲ್ಲಿನ ಪಕ್ಷಿಧಾಮದ ವಿಸ್ತೀರ್ಣ ಬರೀ 0.73 ಚದರ ಕಿಲೋಮೀಟರ್. ಹಕ್ಕಿಗಳು ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ. ವರ್ಷ ಮುಗಿಯುವ ಹೊತ್ತಿಗೆ ಮರಿಗಳು ಹಾರಿ ಹೋಗಿರುತ್ತವೆ, ಜನರ ಬರವೂ ಇಳಿಯುತ್ತದೆ. ವರ್ಷವಿಡೀ ಊರಿಗೆ ಅನ್ನ ಹಾಕುವುದು ಗದ್ದೆ. ಇಲ್ಲಿ ಗೂಡು ಕಟ್ಟುವ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ವಿದೇಶದಿಂದ ಬಂದವೆಂಬ ಮಾತೂ ತಪ್ಪು. ಇವೆಲ್ಲ ಈ ದೇಶದವೇ, ನೀರು ಮೇವು ಇದ್ದಲ್ಲಿಗೆ ಸುತ್ತಾಡುವವು. ಬೆಳ್ಳಕ್ಕಿಗೂ ಕೆಂಬರಲಿಗೂ ಹುಳು, ಕಪ್ಪೆ, ಸಣ್ಣ ಮೀನು ಸಿಗುವುದು ನೀರು ನಿಂತ ಭತ್ತದ ಗದ್ದೆಯಲ್ಲಿ. ಹಾಗಾಗಿ ಸುತ್ತಲಿನ ಗದ್ದೆ ಏನಾಗುತ್ತಿದೆ ಎಂಬುದು ಊರಿಗೂ ಹಕ್ಕಿಗೂ ಒಂದೇ ಪ್ರಶ್ನೆ.

ಗದ್ದೆ ತೋಟವಾಗುತ್ತಿದೆ. ಶಿವಮೊಗ್ಗ ಜಿಲ್ಲೆ ಎಂದರೆ ಅಡಿಕೆ, ಅಡಿಕೆ ಎಂದರೆ ಸಿರಿತನ ಎಂಬ ನಂಬಿಕೆ ಬಯಲುಸೀಮೆಯಲ್ಲಿ ಗಟ್ಟಿಯಾಗಿದೆ. ಆದರೆ ಈ ಜಿಲ್ಲೆಯ ಸೊರಬ, ಶಿಕಾರಿಪುರ ತಾಲ್ಲೂಕುಗಳು ಅಚ್ಚ ಮಲೆನಾಡಲ್ಲ, ಅರೆಮಲೆನಾಡು. ಪಶ್ಚಿಮದ ಚಂದ್ರಗುತ್ತಿಯ ಕಡೆಯಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಹಿಂದಿನಿಂದ ಇದು ಕೆರೆ ಕಟ್ಟಿ ಭತ್ತ ಬೆಳೆದ ನಾಡು; ಶಿಕಾರಿಪುರದ ಖುಷ್ಕಿಯಲ್ಲಿ ಈಗ ಮೆಕ್ಕೆಜೋಳ, ಅಲ್ಲಲ್ಲಿ ಶುಂಠಿ, ಅನಾನಸ್. ಅಡಿಕೆ ಇತ್ತು, ಆದರೆ ಎಲ್ಲರ ಮನೆಯಲ್ಲಿ ಇರಲಿಲ್ಲ. ಈಚಿನ ದಶಕಗಳಲ್ಲಿ ಕೊಳವೆಬಾವಿಯ ಧೈರ್ಯದ ಮೇಲೆ ಗದ್ದೆಗಳಲ್ಲೂ ಅಡಿಕೆ ಸಸಿ ಎದ್ದಿವೆ. ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಆ ಮನೆ ಸಾಲದಲ್ಲಿರುತ್ತದೆಯೇ ಹೊರತು ಸಿರಿತನದಲ್ಲಿ ಅಲ್ಲ.

ಈ ಬದಲಾವಣೆ ಸರ್ಕಾರದ ಅಂಕಿಅಂಶದಲ್ಲಿ ಕಾಣಬೇಕಲ್ಲ? ಕಾಣುತ್ತದೆ, ಆದರೆ ತಿರುಚಿಕೊಂಡು. ಜನಗಣತಿಯು ದುಡಿಯುವವರನ್ನು ನಾಲ್ಕು ಕಲಂಗಳಲ್ಲಿ ಹಂಚುತ್ತದೆ: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರರು. ಸಾಗುವಳಿದಾರ ಎಂದರೆ ಸ್ವಂತ ಜಮೀನು ಇರುವವನು ಎಂದು ಬಹಳ ಮಂದಿ ತಿಳಿದಿದ್ದಾರೆ. ಗಣತಿಗೆ ಒಡೆತನ ಮುಖ್ಯವಲ್ಲ. ಗೇಣಿಗೆ ಮಾಡುವವನೂ, ಪಾಲಿಗೆ ಮಾಡುವವನೂ, ಬದುವಿನ ಮೇಲೆ ನಿಂತು ಕೆಲಸ ಮಾಡಿಸುವವನೂ ಸಾಗುವಳಿದಾರನೇ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 2001 ಮತ್ತು 2011ರ ಗಣತಿಗಳ ವ್ಯಾಖ್ಯೆಯಲ್ಲಿ ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಬೆಳೆಯುವುದು ಸಾಗುವಳಿ ಅಲ್ಲ! ಅಡಿಕೆ ತೋಟದವರು ‘ಇತರರು’ ಕಲಂಗೆ ಹೋಗುತ್ತಾರೆ; ಮೇಷ್ಟ್ರು, ಬಸ್ ಕಂಡಕ್ಟರ್, ಅಂಗಡಿಯವರ ಜೊತೆಗೆ. ಗದ್ದೆ ತೆಗೆದು ಅಡಿಕೆ ಹಾಕಿ, ಅದನ್ನೇ ಮುಖ್ಯ ಕಸುಬು ಎಂದು ಹೇಳಿದ ರೈತ ಲೆಕ್ಕದ ಪ್ರಕಾರ ಬೇಸಾಯ ಬಿಟ್ಟವನು. ಸಾಗುವಳಿದಾರರ ಸಂಖ್ಯೆ ಇಳಿದದ್ದನ್ನು ತೋರಿಸಿ ‘ಮಲೆನಾಡಿನ ಜನ ಕೃಷಿ ತೊರೆದರು’ ಎಂದು ಬರೆಯುವ ಮೊದಲು ಈ ವ್ಯಾಖ್ಯೆಯನ್ನು ಓದಲೇಬೇಕು. ಓದದೆ ಮಾಡಿದ ತೀರ್ಮಾನದಿಂದ ಇಲ್ಲಿನ ರೈತರಿಗೆ ಅನ್ಯಾಯವಾಗುತ್ತದೆ.

ಹೆಂಗಸರ ವಿಷಯದಲ್ಲಿ ವ್ಯಾಖ್ಯೆ ಉದಾರವಾಗಿದೆ, ಬರೆದುಕೊಳ್ಳುವ ರೀತಿ ಉದಾರವಾಗಿಲ್ಲ. ಮನೆ ಬಳಕೆಗಷ್ಟೇ ಹಾಲು ಕರೆಯುವುದೂ ಗಣತಿಯ ಪ್ರಕಾರ ಕೆಲಸ. ಕೂಲಿ ಇಲ್ಲದೆ ಮನೆಯ ಹೊಲದಲ್ಲಿ ದುಡಿಯುವುದೂ ಕೆಲಸ. ಗಣತಿಗೆ ಬಂದವರು ‘ಏನು ಕೆಲಸ ಮಾಡ್ತೀರಮ್ಮ?’ ಎಂದರೆ ಬರುವ ಉತ್ತರ, ‘ಎಂಥದೂ ಇಲ್ಲ, ಮನೇಲೇ ಇರೋದು.’ ಕೊಟ್ಟಿಗೆ ಗುಡಿಸಿ, ಎಮ್ಮೆ ಕರೆದು, ನಟ್ಟಿಗೆ ಹೋಗಿ, ಅಡಿಕೆ ಸುಲಿದು ಬಂದ ಕೈ ಅದು. ಆ ಒಂದು ಉತ್ತರದಿಂದ ಅವರು ‘ಕೆಲಸ ಮಾಡದವರು’ ಎಂದಾಗುತ್ತಾರೆ.

ಲೆಕ್ಕಕ್ಕೆ ಸಿಗದ ಇಂಥ ಕೆಲಸಗಳಲ್ಲಿ ಕಾಡಿನಿಂದ ಸೌದೆ, ಸೊಪ್ಪು, ದರಗು ತರುವುದೂ ಒಂದು. ಆ ಕೆಲಸಕ್ಕೆ ಹೋಗುವವರಿಗೆ ಮಂಗನ ಕಾಯಿಲೆಯ ಭಯ. ಈ ಕಾಯಿಲೆ ಜಗತ್ತಿಗೆ ಮೊದಲು ಗೊತ್ತಾದದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಕಚ್ಚಿದರೆ ಬರುವ ರೋಗ ಎಂದು ಇಂದಿಗೂ ಹೇಳುವವರಿದ್ದಾರೆ. ಮನುಷ್ಯರಿಗೆ ಅದನ್ನು ಮುಖ್ಯವಾಗಿ ಅಂಟಿಸುವುದು ಉಣುಗು. ಮಂಗ ಅದೇ ರೋಗಕ್ಕೆ ಸಾಯುವ ಪ್ರಾಣಿ. ಬೇಸಿಗೆಯಲ್ಲಿ ಕಾಡಿಗೆ ಹೋಗದೆ ಒಲೆ ಉರಿಯದ, ತೋಟಕ್ಕೆ ಗೊಬ್ಬರವಾಗದ ಮನೆಗಳಿಗೇ ಅದರ ಭಯ ಹೆಚ್ಚು.

‘ಹಳ್ಳಿಗಳಲ್ಲಿ ಜನಸಂಖ್ಯೆ ಮಿತಿಮೀರಿ ಬೆಳೆಯುತ್ತಿದೆ’ ಎಂಬ ಮಾತು ಈ ಜಿಲ್ಲೆಗೆ ಹೊಂದುವುದೇ ಇಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 16.4 ಲಕ್ಷ ಜನ, 2011ರಲ್ಲಿ 17.5 ಲಕ್ಷ. ಹತ್ತು ವರ್ಷದ ಏರಿಕೆ ಶೇ. 7ಕ್ಕೂ ಕಡಿಮೆ; ರಾಜ್ಯದ್ದು ಶೇ. 15.6. ಹೆರುವ ಮಕ್ಕಳ ಸಂಖ್ಯೆ ರಾಜ್ಯದಲ್ಲೇ ಇಳಿದಿದೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7. ಓದಿದ ಹುಡುಗರು, ಹುಡುಗಿಯರು ಬೆಂಗಳೂರಿಗೆ ಹೊರಡುವುದೂ ಇದೆ. ಹಾಗೆಂದು ‘ಊರಲ್ಲಿ ಮುದುಕರೇ ಉಳಿದರು’ ಎನ್ನುವುದೂ ಅತಿಶಯ. ಸೊರಬ ತಾಲ್ಲೂಕಿನಲ್ಲಿ 2011ರಲ್ಲಿ ಸುಮಾರು ಎರಡು ಲಕ್ಷ ಜನರಿದ್ದರು, ಬಹುಪಾಲು ಹಳ್ಳಿಗಳಲ್ಲೇ. ಸೊರಬ ಪಟ್ಟಣ ಎಷ್ಟು ಚಿಕ್ಕದೆಂದರೆ 2001ರಲ್ಲಿ ಅಲ್ಲಿ ಎಂಟು ಸಾವಿರ ಜನರೂ ಇರಲಿಲ್ಲ.

ಜಮೀನಿನ ಬಗ್ಗೆ ಹಳೆಯ ಚಿತ್ರವೊಂದು ಉಳಿದುಬಿಟ್ಟಿದೆ: ಮೇಲೊಬ್ಬ ಧಣಿ, ಕೆಳಗೆ ಗೇಣಿದಾರರ ಸಾಲು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಸತ್ಯಾಗ್ರಹ ಮಾಡಿದಾಗ ಅದು ನಿಜವಾಗಿತ್ತು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿ ಮಾಡುತ್ತಿದ್ದ ಸಾವಿರಾರು ಮನೆಗಳು ಭೂಮಿಯ ಒಡೆಯರಾದವು. ಈಗಿನ ಕಷ್ಟ ಬೇರೆ. ಮಕ್ಕಳು ಮೊಮ್ಮಕ್ಕಳಲ್ಲಿ ಪಾಲಾಗಿ ಹಿಡುವಳಿ ಸಣ್ಣದಾಗಿದೆ. 2015–16ರ ಕೃಷಿ ಗಣತಿಯಲ್ಲಿ ರಾಜ್ಯದ ಸರಾಸರಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಚಿಲ್ಲರೆ.

‘ಎರಡು ತಾಲ್ಲೂಕಿನಿಂದ ಇಬ್ಬರು ಮುಖ್ಯಮಂತ್ರಿಗಳು, ಇನ್ನೇನು ಬೇಕು?’ ಎನ್ನುವುದುಂಟು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ 1990ರಿಂದ 92ರವರೆಗೆ, ಶಿಕಾರಿಪುರದಿಂದ ಗೆಲ್ಲುತ್ತ ಬಂದ ಬಿ.ಎಸ್. ಯಡಿಯೂರಪ್ಪ ಒಂದಕ್ಕಿಂತ ಹೆಚ್ಚು ಸಲ ಆ ಕುರ್ಚಿಯಲ್ಲಿ ಕೂತವರು. ರಸ್ತೆ, ಶಾಲೆ, ನೀರಾವರಿ ಬಂದದ್ದು ಸುಳ್ಳಲ್ಲ. ಆದರೆ ಸೊರಬದವರು ರೈಲು ಹತ್ತಲು ಸಾಗರಕ್ಕೋ ತಾಳಗುಪ್ಪಕ್ಕೋ ಹೋಗಬೇಕು.

ಹಾಗಾದರೆ ಗುಡವಿಯ ಒಂದು ಮನೆಗೆ ವರ್ಷಕ್ಕೆ ಎಷ್ಟು ವರಮಾನ? ಗಣತಿಯಲ್ಲಿ ಅದಿರುತ್ತದೆ ಎಂದು ತಿಳಿದವರು ಬಹಳ. ನಮ್ಮ ಜನಗಣತಿ ವರಮಾನ ಕೇಳುವುದೇ ಇಲ್ಲ. ಮನೆಯ ಗೋಡೆ, ಛಾವಣಿ, ಬೈಕು, ಟಿ.ವಿ. ಬರೆದುಕೊಳ್ಳುತ್ತದೆ. ಅಮೆರಿಕದಲ್ಲಿ ನಮ್ಮ ತಾಲ್ಲೂಕು, ಜಿಲ್ಲೆಗಳ ನಡುವಿನ ಘಟಕದಂತಿರುವ ಕೌಂಟಿಯ ಕುಟುಂಬ ವರಮಾನ, ಬಡತನದ ಪ್ರಮಾಣಗಳು ಸಮೀಕ್ಷೆಯ ಆಧಾರದಲ್ಲಿ ಪ್ರತಿವರ್ಷ ಪ್ರಕಟವಾಗುತ್ತವೆ. ಹಾಗಾಗಿಯೇ ಅಲ್ಲಿ ಹಳ್ಳಿಗಾಡೆಲ್ಲ ಬೇಸಾಯದಲ್ಲೇ ಬದುಕುತ್ತದೆ ಎಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ: 3,100ಕ್ಕೂ ಹೆಚ್ಚು ಕೌಂಟಿಗಳಲ್ಲಿ ಬೇಸಾಯವನ್ನೇ ನೆಚ್ಚಿದವೆಂದು ಅಲ್ಲಿನ ಕೃಷಿ ಇಲಾಖೆ 2015ರಲ್ಲಿ ಗುರುತಿಸಿದ್ದು 440ರ ಆಸುಪಾಸು ಮಾತ್ರ. ಸೊರಬದ ಬಗ್ಗೆ ಅಷ್ಟು ಖಚಿತವಾಗಿ ಮಾತಾಡಲು ನಮ್ಮ ಕೈಯಲ್ಲಿರುವುದು 2011ರ ಹಳೆಯ ಗಣತಿ. 2021ರದ್ದು ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಎಣಿಕೆಯ ದಿನವೆಂದು ನಿಗದಿಯಾಗಿದೆ. ಆಗ ಬಾಗಿಲಿಗೆ ಬಂದವರಿಗೆ ಎಮ್ಮೆ ಕರೆಯುವುದು, ನಟ್ಟಿ ಮಾಡುವುದು, ಅಡಿಕೆ ಸುಲಿಯುವುದು ಎಲ್ಲವನ್ನೂ ಹೇಳಿ ಬರೆಸಬೇಕು.